ಹರಿದ ಸ್ಪೀಕರು, ಆರು ಜನ ಅಕ್ಕಂದಿರು

ಹರಿದ ಸ್ಪೀಕರಿನ ಸದ್ದು ನನಗೆ ಹತ್ತನೆಯ ವಯಸ್ಸಿಗೇ ಪರಿಚಯವಾಯಿತು. 1988ರಲ್ಲಿ ಅಕ್ಕ ತನ್ನ ಕೆಲಸದ ಮೊದಲ ವರ್ಷದ ಉಳಿತಾಯದಲ್ಲಿ ಶಿವಮೊಗ್ಗದ ನಮ್ಮ ಮನೆಗೊಂದು ಟೂ-ಇನ್-ಒನ್ ತಂದಳು. ಅದನ್ನು ನಡುಮನೆಯ ಗೂಡಿನಲ್ಲಿಟ್ಟು, ಮೇಲೆ ಕಸೂತಿಯ ಬಟ್ಟೆ ಹೊದಿಸಿ, ಭಾನುವಾರ ಬೆಳಿಗ್ಗೆ ಮಾತ್ರ ಕ್ಯಾಸೆಟ್ ಹಾಕಬಹುದೆಂದು ಅಮ್ಮ ಕಟ್ಟಳೆ ಮಾಡಿದ್ದಳು. ಆ ಕಟ್ಟಳೆ ಮೂರು ತಿಂಗಳೂ ಉಳಿಯಲಿಲ್ಲ. ಒಂದು ಸಂಜೆ ಯಾವ ಕ್ಯಾಸೆಟ್ ಹಾಕಬೇಕೆಂಬ ವಿಷಯಕ್ಕೆ ಅಣ್ಣನಿಗೂ ನನಗೂ ಕೈಕೈ ಹತ್ತಿತು. ರೇಖಾಗಣಿತದ ಲೆಕ್ಕ ಮಾಡುತ್ತ ಕುಳಿತಿದ್ದವನು ಹಾಗೆಯೇ ಎದ್ದು ಬಂದಿದ್ದರಿಂದ ಅವನ ಕೈಯಲ್ಲಿ ಕೈವಾರವಿತ್ತು. ಅದರ ಮೊನೆ ಸ್ಪೀಕರಿನ ಬಟ್ಟೆಯನ್ನು ತೂರಿಕೊಂಡು ಹೋಗಿ ಒಳಗಿನ ಕಪ್ಪು ಕಾಗದದ ಕೋನನ್ನು ಎರಡು ಇಂಚು ಸೀಳಿತು. ಅಂದಿನಿಂದ ಯಾರೇ ಹಾಡಿದರೂ ಅವರ ಬೆನ್ನ ಹಿಂದೆ ಜೀರುಂಡೆಯೊಂದು ಕುಳಿತಂತೆ ಗೊರಗೊರ ಸದ್ದು ಕೇಳಿಸುತ್ತಿತ್ತು. ಅಕ್ಕ ಬಯ್ಯಲಿಲ್ಲ. ಮರುದಿನ ಅದನ್ನು ಗಾಂಧಿ ಬಜಾರಿನ ರೇಡಿಯೊ ರಿಪೇರಿಯವರ ಬಳಿಗೆ ತಾನೇ ಹೊತ್ತುಕೊಂಡು ಹೋದಳು. ನಾನು ಹಿಂದೆ ಹೋದೆ. ಅವರು ಸೀಳಿನ ಎರಡು ಅಂಚುಗಳನ್ನು ಬೆರಳ ತುದಿಯಿಂದ ಕೂಡಿಸಿ, ತೆಳುಕಾಗದದ ಪಟ್ಟಿಗೆ ಫೆವಿಕಾಲ್ ಸವರಿ ಅಂಟಿಸಿ, "ಒಂದು ರಾತ್ರಿ ಒಣಗಲಿ, ಯಾರೂ ಮುಟ್ಟಬೇಡಿ" ಎಂದರು. ಸದ್ದು ಮುಕ್ಕಾಲು ಪಾಲು ಹೋಯಿತು. ಕಾಲು ಪಾಲು ಕೊನೆಯವರೆಗೂ ಉಳಿಯಿತು.

ಹದಿಮೂರು ವರ್ಷಗಳ ನಂತರ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಗೆಳೆಯನೊಬ್ಬ ಹಾಕಿದ ಸಿ.ಡಿ.ಯಿಂದ ಅದೇ ಸದ್ದು ಬಂದಾಗ ನಾನು ಎದ್ದು ಸ್ಪೀಕರನ್ನು ಮುಟ್ಟಿ ನೋಡಿದೆ. ಹಾಡು ಕಿಂಕ್ಸ್ ಎಂಬ ಇಂಗ್ಲಿಷ್ ಬ್ಯಾಂಡಿನ 'ಯೂ ರಿಯಲಿ ಗಾಟ್ ಮಿ'. ಹರಿದದ್ದು ನಮ್ಮ ಕೋಣೆಯ ಸ್ಪೀಕರಾಗಿರಲಿಲ್ಲ; ಮೂವತ್ತೇಳು ವರ್ಷಗಳ ಹಿಂದೆ, 1964ರಲ್ಲಿ, ಉತ್ತರ ಲಂಡನ್ನಿನ ಹದಿನೇಳು ವರ್ಷದ ಹುಡುಗನೊಬ್ಬ ಬೇಕೆಂದೇ ಬ್ಲೇಡಿನಿಂದ ಹರಿದಿಟ್ಟ ಸ್ಪೀಕರದು. ಹುಡುಗನ ಹೆಸರು ಡೇವ್ ಡೇವಿಸ್. ಹಾಡು ಕಟ್ಟಿ ಹಾಡಿದವನು ಅವನ ಅಣ್ಣ ರೇ ಡೇವಿಸ್.

ಆಮೇಲೆ ಈ ಅಣ್ಣತಮ್ಮಂದಿರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಯಾರು ಹೇಳಿದರೂ ಕತೆ ಒಂದೇ: ಜಗಳ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ನಮ್ಮ ಗಾದೆಯನ್ನೇ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಬರೆದಂತೆ ತೋರುತ್ತದೆ. ಜಗಳ ಸುಳ್ಳಲ್ಲ. ಆದರೆ ಓದಿದಷ್ಟೂ ನನ್ನನ್ನು ಕಾಡುವುದು ಬೇರೆಯದೇ ಒಂದು ಸಂಗತಿ. ಇವರಿಬ್ಬರ ಬ್ಯಾಂಡಿನ ಮೊದಲ ವರ್ಷಗಳನ್ನು ಎಲ್ಲಿ ಕೆದಕಿದರೂ ಅಲ್ಲೊಬ್ಬ ಅಕ್ಕ ಸಿಗುತ್ತಾಳೆ. ಕತೆ ಹೇಳುವವರು ಅವಳನ್ನು ಅರ್ಧ ವಾಕ್ಯದಲ್ಲಿ ದಾಟಿಸಿ ಮುಂದಿನ ಜಗಳಕ್ಕೆ ಹೋಗಿಬಿಡುತ್ತಾರೆ.

ನಡುಮನೆ

ಫೋರ್ಟಿಸ್ ಗ್ರೀನ್ ಎಂಬ ರಸ್ತೆಯಲ್ಲಿ, ಮಸ್ವೆಲ್ ಹಿಲ್ಲಿಗೆ ಹತ್ತಿರದಲ್ಲಿ, ಡೆನ್ಮಾರ್ಕ್ ಟೆರೇಸ್ ಎಂಬ ಮನೆಸಾಲಿನ ಆರನೆಯ ಮನೆ ಅವರದು. ಫ್ರೆಡ್ ಮತ್ತು ಆ್ಯನಿ ಡೇವಿಸ್ ದಂಪತಿಗೆ ಮೊದಲು ಆರೂ ಹೆಣ್ಣುಮಕ್ಕಳು: ರೋಸಿ, ರೆನೆ, ಡಾಲಿ, ಜಾಯ್ಸ್, ಪೆಗ್ಗಿ, ಗ್ವೆನ್. ಏಳನೆಯವನಾಗಿ 1944ರ ಜೂನ್ 21ರಂದು ರೇ ಹುಟ್ಟಿದ. ಆರು ಹೆಣ್ಣಿನ ಮೇಲೆ ಹುಟ್ಟಿದ ಗಂಡುಮಗುವಿಗೆ ಮನೆಯಲ್ಲಿ ಎಂಥ ಸ್ಥಾನ ಸಿಗುತ್ತದೆಂಬುದನ್ನು ನಮ್ಮ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಸ್ಥಾನವನ್ನು ಅವನು ಅನುಭವಿಸಿದ್ದು ಮೂರು ವರ್ಷ ತುಂಬುವವರೆಗೂ ಅಲ್ಲ. 1947ರ ಫೆಬ್ರುವರಿಯಲ್ಲಿ ಡೇವ್ ಹುಟ್ಟಿದ. ಅವರ ನಡುವಿನ ಮನಸ್ತಾಪ ತೊಟ್ಟಿಲಿನಿಂದಲೇ ಶುರುವಾಯಿತೆಂದು ಬರೆಯುವವರು ಈ ಲೆಕ್ಕವನ್ನು ಸರಿಯಾಗಿಯೇ ಹಿಡಿದಿದ್ದಾರೆ. ಆದರೆ ಆ ತೊಟ್ಟಿಲನ್ನು ತೂಗಿದವರು ಯಾರು ಎಂದು ಕೇಳಿದರೆ ಕತೆಯ ಬಣ್ಣವೇ ಬೇರೆಯಾಗುತ್ತದೆ.

ಮನೆಯ ಎದುರಿಗೇ ಕ್ಲಿಸೊಲ್ಡ್ ಆರ್ಮ್ಸ್ ಎಂಬ ಪಬ್ಬು. ಶನಿವಾರ ರಾತ್ರಿ ಅದು ಮುಚ್ಚಿದ ಮೇಲೆ ಜನ ಬಿಯರು ಸಮೇತ ಡೇವಿಸರ ನಡುಮನೆಗೆ ಬರುತ್ತಿದ್ದರು. ಅಲ್ಲಿ ನೆಟ್ಟಗೆ ನಿಂತ ಒಂದು ಹಳೆಯ ಪಿಯಾನೊ ಇತ್ತು. ಅಪ್ಪ ಅಮ್ಮ ಹಾಡುತ್ತಿದ್ದುದು ತಮ್ಮ ಕಾಲದ ಮ್ಯೂಸಿಕ್ ಹಾಲ್ ಎಂಬ ನಾಟಕಶಾಲೆಗಳ ಹಾಡುಗಳನ್ನು. ಅಕ್ಕಂದಿರು ಕೇಳುತ್ತಿದ್ದುದು ಜಾಝ್ ಮತ್ತು ಆಗಷ್ಟೇ ಬರುತ್ತಿದ್ದ ರಾಕ್ ಅಂಡ್ ರೋಲ್. ಇಬ್ಬರು ಹುಡುಗರಿಗೆ ಸಂಗೀತಶಾಲೆ ಎಂದರೆ ಅದೇ ಕೋಣೆ. ದೊಡ್ಡವರ ಕಾಲುಗಳ ನಡುವೆ ಕುಳಿತು ಕೇಳಿಸಿಕೊಳ್ಳುವುದೇ ಪಾಠ. ನಮ್ಮಲ್ಲಿ ಭಜನೆಯ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ತಾಳ ಯಾವಾಗ ಬಂತೆಂದು ಕೇಳಿದರೆ ಹೇಳಲು ಬರುವುದಿಲ್ಲವಲ್ಲ, ಅಂಥ ಕಲಿಕೆ ಅದು. ರೇ ಮುಂದೆ ಬರೆದ ಹಾಡುಗಳಲ್ಲಿ ಗದ್ದಲದ ಗಿಟಾರಿನ ಅಡಿಯಲ್ಲಿ ಹಳೆಯ ನಾಟಕದ ಹಾಡಿನ ಧಾಟಿ ಇಣುಕುವುದನ್ನು ಕೇಳಿದಾಗಲೆಲ್ಲ ನನಗೆ ಆ ಕೋಣೆ ನೆನಪಾಗುತ್ತದೆ.

ಎರಡನೆಯ ಅಕ್ಕ ರೆನೆಗೆ ಎಳವೆಯಿಂದಲೇ ಹೃದಯದ ತೊಂದರೆ ಇತ್ತು. ಕೆನಡಾದವನೊಬ್ಬನನ್ನು ಮದುವೆಯಾಗಿ ಹೋಗಿದ್ದವಳು ತವರಿಗೆ ಮರಳಿದ್ದಳು. ಚೆನ್ನಾಗಿ ಪಿಯಾನೊ ನುಡಿಸುತ್ತಿದ್ದಳು; ಕುಣಿಯುವುದೆಂದರೆ ಅವಳಿಗೆ ಪ್ರಾಣ. ಕುಣಿಯಬೇಡ ಎಂದು ವೈದ್ಯರು ಹೇಳಿದ್ದರು. ರೇ ಒಂದು ಸ್ಪ್ಯಾನಿಷ್ ಗಿಟಾರಿಗಾಗಿ ಅಪ್ಪ ಅಮ್ಮನನ್ನು ಬಹಳ ದಿನಗಳಿಂದ ಕಾಡುತ್ತಿದ್ದ. 1957ರ ಜೂನಿನಲ್ಲಿ ಅವನ ಹದಿಮೂರನೆಯ ಹುಟ್ಟುಹಬ್ಬದ ಹೊತ್ತಿಗೆ ಅದನ್ನು ಕೊಡಿಸಿದವಳು ರೆನೆ. ಗಿಟಾರನ್ನು ಅವನ ಕೈಗಿತ್ತು, ಅದೇ ಸಂಜೆ ಲಂಡನ್ನಿನ ಲೈಸಿಯಂ ನೃತ್ಯಶಾಲೆಗೆ ಹೋದಳು. ವಾದ್ಯಗೋಷ್ಠಿ ನಡೆಯುತ್ತಿರುವಂತೆ, ಕುಣಿಯುತ್ತಿರುವಾಗಲೇ ಕುಸಿದು ತೀರಿಕೊಂಡಳು. ಅವಳಿಗೆ ಮೂವತ್ತೊಂದು ವರ್ಷ.

ನಾನು ಈ ಪ್ರಸಂಗವನ್ನು ಮೊದಲು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹದಿಮೂರರ ಹುಡುಗನ ಕೈಯಲ್ಲಿ ಹೊಸ ಗಿಟಾರಿದೆ. ಅದನ್ನು ಕೊಟ್ಟವಳು ಬೆಳಗಾಗುವುದರೊಳಗೆ ಇಲ್ಲ. ಮರುದಿನ ಅವನು ಅದನ್ನು ಮುಟ್ಟಿದನೇ? ಸೂತಕದ ಮನೆಯಲ್ಲಿ ತಂತಿ ಮೀಟಲು ಕೈ ಬರುತ್ತದೆಯೇ? ನಮ್ಮ ಮನೆಗಳಲ್ಲಾದರೆ ಅಂಥ ವಸ್ತುವನ್ನು ಅಟ್ಟಕ್ಕೆ ಏರಿಸುತ್ತಿದ್ದರು, ಇಲ್ಲವೇ ಯಾರಿಗಾದರೂ ದಾನ ಕೊಟ್ಟುಬಿಡುತ್ತಿದ್ದರು. ಆ ಹುಡುಗ ಅದನ್ನು ಬಿಡಲಿಲ್ಲ. ಕೆಲಕಾಲ ಹಿರಿಯಕ್ಕ ರೋಸಿ ಮತ್ತು ಭಾವ ಆರ್ಥರ್ ಅವರ ಮನೆಯಲ್ಲಿ ಅವನು ಬೆಳೆದ. ಹೀಗೆ ಒಬ್ಬ ಅಕ್ಕ ವಾದ್ಯ ಕೊಟ್ಟಳು, ಇನ್ನೊಬ್ಬಳು ಆಸರೆ ಕೊಟ್ಟಳು.

ಅಲ್ಲಿಂದ ಬ್ಯಾಂಡಿನವರೆಗಿನ ದಾರಿ ಬೇಗ ಸವೆಯುತ್ತದೆ. ವಿಲಿಯಂ ಗ್ರಿಮ್‌ಷಾ ಶಾಲೆಯಲ್ಲಿ ರೇಯ ಸಹಪಾಠಿಯಾಗಿದ್ದ ಪೀಟ್ ಕ್ವೈಫ್ ಜೊತೆಯಾದ. ಡೇವ್ ಗಿಟಾರ್ ಹಿಡಿದ. ಶಾಲೆಯ ನೃತ್ಯಕೂಟಗಳಲ್ಲಿ ನುಡಿಸತೊಡಗಿದರು. ಗಟ್ಟಿಯಾದ ಹೆಸರಿರಲಿಲ್ಲ. ಕಾರ್ಯಕ್ರಮ ಗಿಟ್ಟಿಸಿದವನು ರೇ ಆದರೆ ಅವನ ಹೆಸರಿನ ತಂಡ, ಪೀಟ್ ಆದರೆ ಪೀಟನ ಹೆಸರಿನ ತಂಡ. ರೇ ಹಾರ್ನ್ಸಿ ಕಲಾಶಾಲೆಗೆ ಸೇರಿದ. ಡೇವನನ್ನು ಹದಿನೈದಕ್ಕೇ ಶಾಲೆಯಿಂದ ಹೊರಗೆ ಹಾಕಿದರು. ರೇವನ್ಸ್ ಎಂದಿದ್ದ ತಂಡ 1964ರ ಆರಂಭಕ್ಕೆ ಕಿಂಕ್ಸ್ ಆಗಿ ಪೈ ರೆಕಾರ್ಡ್ಸ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಡ್ರಮ್ಮಿಗೆ ಮಿಕ್ ಏವರಿ ಬಂದ. ಮೊದಲ ಗ್ರಾಮೊಫೋನ್ ತಟ್ಟೆಯಲ್ಲಿ ಅಮೆರಿಕದ ಗಾಯಕ ಲಿಟ್ಲ್ ರಿಚರ್ಡನ ಹಳೆಯ ಹಾಡೊಂದನ್ನು ಹಾಡಿದರು. ಅದನ್ನು ಹೆಚ್ಚು ಜನ ಕೇಳಲಿಲ್ಲ. ಎರಡನೆಯದು ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿಗೇ ಬರಲಿಲ್ಲ. ಮೂರನೆಯದೂ ಬಿದ್ದರೆ ಒಪ್ಪಂದವೇ ಉಳಿಯದೆಂಬ ಸ್ಥಿತಿ ಬಂತು.

ಬ್ಲೇಡು

ಆ ಮೂರನೆಯ ಹಾಡು ಹುಟ್ಟಿದ್ದು ಮತ್ತೆ ಅದೇ ನಡುಮನೆಯಲ್ಲಿ, ಅದೇ ಪಿಯಾನೊದ ಮೇಲೆ. ರೇಯ ತಲೆಯಲ್ಲಿದ್ದುದು ಜಾಝ್ ಮಾದರಿಯ, ಸ್ಯಾಕ್ಸೊಫೋನಿಗೆ ಒಪ್ಪುವಂಥ, ನಿಧಾನದ ಒಂದು ಸಾಲು. ಡೇವ್ ಅದನ್ನು ಕೇಳಿ ತನ್ನ ಗಿಟಾರಿಗೆ ಇಳಿಸಿಕೊಂಡ. ಗಿಟಾರಿನಲ್ಲಿ ಅದು ಬೇರೆಯೇ ಪ್ರಾಣಿಯಾಯಿತು. ಅವನು ಮೀಟಿದ್ದು ಪವರ್ ಕಾರ್ಡ್ ಎಂದು ಈಗ ಎಲ್ಲ ಗಿಟಾರಿನ ಹುಡುಗರೂ ಕರೆಯುವ ಜೋಡಿಸ್ವರವನ್ನು. ನಮ್ಮ ಸಂಗೀತದ ಮಾತಿನಲ್ಲಿ ಹೇಳಿದರೆ ಅದು ಷಡ್ಜ ಮತ್ತು ಪಂಚಮ, ಎಂದರೆ ತಂಬೂರಿಯಲ್ಲಿ ಮಿಡಿಯುವ ಅದೇ ಸ-ಪ. ನಡುವೆ ಗಾಂಧಾರವಿಲ್ಲ, ಆದ್ದರಿಂದ ಅದು ಸಂತೋಷವೋ ದುಃಖವೋ ಎಂದು ಕಿವಿ ತೀರ್ಮಾನಿಸಲಾರದು. ಆ ಜೋಡಿಯನ್ನು ಒಂದು ಸ್ವರದಷ್ಟು ಮೇಲೆ ಸರಿಸುವುದು, ಹಿಂದಕ್ಕೆ ತರುವುದು, ಮತ್ತೆ ಸರಿಸುವುದು. ಇಡೀ ಹಾಡಿನ ಬೆನ್ನೆಲುಬು ಇಷ್ಟೇ.

ಗಾಂಧಾರ ಇಲ್ಲದಿರುವುದಕ್ಕೂ ಹರಿದ ಸ್ಪೀಕರಿಗೂ ನಂಟಿದೆ. ಡೇವ್ ಬಳಿ ಎಲ್ಪಿಕೊ ಎಂಬ ಸಣ್ಣ ಹಸಿರು ಆಂಪ್ಲಿಫೈಯರ್ ಇತ್ತು. ಅದರಿಂದ ಬರುತ್ತಿದ್ದ ಸಾಧುವಾದ ದನಿ ಅವನಿಗೆ ಹಿಡಿಸಲಿಲ್ಲ. ಮನಸ್ಸು ಕೆಟ್ಟಿದ್ದ ಒಂದು ದಿನ ಬ್ಲೇಡು ತೆಗೆದುಕೊಂಡು ಅದರ ಸ್ಪೀಕರಿನ ಕೋನನ್ನು ನಡುವಿನಿಂದ ಅಂಚಿನವರೆಗೆ ಸೀಳಿದ. ಕೋನು ಇಡಿಯಾಗಿದ್ದಾಗ ಕಾಗದವೆಲ್ಲ ಒಂದಾಗಿ ಹಿಂದೆ ಮುಂದೆ ಆಡುತ್ತದೆ. ಸೀಳಿದಾಗ ತುಣುಕುಗಳು ಒಂದಕ್ಕೊಂದು ತಾಗಿ ಪಟಪಟ ಬಡಿದುಕೊಳ್ಳುತ್ತವೆ, ಮೂಲ ಸ್ವರದ ಸುತ್ತ ಇನ್ನಷ್ಟು ಸ್ವರಗಳು ಮುಳ್ಳಿನಂತೆ ಏಳುತ್ತವೆ. ಮೂರು ಸ್ವರಗಳ ತುಂಬು ಕಾರ್ಡನ್ನು ಇಂಥ ಸ್ಪೀಕರಿಗೆ ಕೊಟ್ಟರೆ ಕೆಸರಾಗುತ್ತದೆ, ಸ-ಪ ಮಾತ್ರ ಕೊಟ್ಟರೆ ಗರ್ಜಿಸುತ್ತದೆ. ಆ ಗರ್ಜನೆಯನ್ನು ಅವನು ವಾಕ್ಸ್ ಕಂಪನಿಯ ದೊಡ್ಡ ಆಂಪ್ಲಿಫೈಯರಿಗೆ ಜೋಡಿಸಿದ. ನಾನು ಗಾಂಧಿ ಬಜಾರಿನ ಅಂಗಡಿಯಲ್ಲಿ ಮೂಗಿನ ಹತ್ತಿರದಿಂದ ಕಂಡ ಆ ಸೀಳು, ಅದರ ಅಂಚಿನ ಎದ್ದ ನಾರು, ಬೆರಳು ಒತ್ತಿದರೆ ಮುಚ್ಚಿ ಬಿಟ್ಟರೆ ತೆರೆದುಕೊಳ್ಳುತ್ತಿದ್ದ ಆ ಕಪ್ಪು ತುಟಿ, ಅದರಿಂದ ಒಬ್ಬನಿಗೆ ಇಷ್ಟೆಲ್ಲ ಸಿಕ್ಕಿತೆಂದು ತಿಳಿದಾಗ ಅಣ್ಣನ ಮೇಲಿದ್ದ ಹಳೆಯ ಸಿಟ್ಟು ನನಗೆ ಪೂರ್ತಿ ಇಳಿಯಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಸ್ಟುಡಿಯೊದಲ್ಲಿ ಮೊದಲು ಮುದ್ರಿಸಿದ ಆವೃತ್ತಿ ನಿಧಾನದ್ದು, ಪ್ರತಿಧ್ವನಿಯಲ್ಲಿ ಅದ್ದಿದ್ದು. ನಿರ್ಮಾಪಕ ಷೆಲ್ ಟಾಲ್ಮಿಗೆ ಅದು ಒಪ್ಪಿಗೆಯಾಗಿತ್ತು. ರೇ ಮಾತ್ರ ಒಪ್ಪಲಿಲ್ಲ. ಎರಡು ತಟ್ಟೆ ಬಿದ್ದಿರುವ, ಇಪ್ಪತ್ತು ವರ್ಷದ, ಇನ್ನೂ ಯಾರೂ ಅಲ್ಲದ ಹುಡುಗ ತನ್ನ ಹಾಡು ಹೀಗೆ ಹೊರಬರಬಾರದೆಂದು ಪಟ್ಟು ಹಿಡಿದ. ಮತ್ತೆ ಮುದ್ರಿಸಲು ಕಂಪನಿ ಹಣ ಬಿಚ್ಚಲು ಸಿದ್ಧವಿರಲಿಲ್ಲ. ಹಣ ಹೇಗೋ ಹೊಂದಿ, 1964ರ ಜುಲೈನಲ್ಲಿ ಐ.ಬಿ.ಸಿ. ಸ್ಟುಡಿಯೊದಲ್ಲಿ ಹಾಡನ್ನು ಹೊಸದಾಗಿ ಮುದ್ರಿಸಿದರು. ರೇ ಹಟ ಮಾಡಿದ್ದು ಯಾವುದಕ್ಕಾಗಿ? ತನ್ನ ದನಿಗಾಗಿ ಅಲ್ಲ, ನಡುಮನೆಯಲ್ಲಿ ತಾನು ಕೇಳಿದ ತಮ್ಮನ ಗಿಟಾರಿನ ಸದ್ದು ತಟ್ಟೆಯಲ್ಲೂ ಹಾಗೆಯೇ ಕೇಳಬೇಕೆಂಬುದಕ್ಕಾಗಿ. ಇಬ್ಬರ ಜಗಳವನ್ನು ಬಣ್ಣಿಸುವವರು ಈ ಹಟವನ್ನು ಯಾಕೆ ಸೋದರಪ್ರೇಮದ ಖಾತೆಗೆ ಬರೆಯುವುದಿಲ್ಲವೋ ನನಗೆ ತಿಳಿಯದು. ಆ ದಿನದ ಬಗ್ಗೆ ರೇ ಹೇಳಿಕೊಂಡ ಕತೆಯೊಂದಿದೆ: ಗಿಟಾರಿನ ಸರದಿ ಬರುವ ಮುನ್ನ ಅವನು ಹುರಿದುಂಬಿಸಲೆಂದು ತಮ್ಮನತ್ತ ಕೂಗಿದನಂತೆ, ತಮ್ಮ ಬೈಗುಳದಲ್ಲೇ ಉತ್ತರ ಕೊಟ್ಟನಂತೆ. ಬೈದ ಮರುಕ್ಷಣ ನುಡಿಸಿದ್ದು ಇಂದಿಗೂ ಜನ ಕೂತು ಕಲಿಯುವ ನುಡಿಸಾಣಿಕೆ. ಅದನ್ನು ನುಡಿಸಿದವನು ಮುಂದೆ ಲೆಡ್ ಜೆಪ್ಲಿನ್ ಎಂಬ ಬ್ಯಾಂಡು ಕಟ್ಟಿದ ಜಿಮ್ಮಿ ಪೇಜ್ ಎಂಬ ಸುದ್ದಿ ದಶಕಗಳ ಕಾಲ ಓಡಾಡಿತು. ಅದು ಸುಳ್ಳು. ನುಡಿಸಿದವನು ಡೇವ್.

ಆಗಸ್ಟಿನಲ್ಲಿ ಬಿಡುಗಡೆಯಾದ ಹಾಡು ಸೆಪ್ಟೆಂಬರಿಗೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು, ಅಮೆರಿಕದಲ್ಲಿ ಏಳಕ್ಕೆ. ಅದರ ಬೆನ್ನಿಗೇ ಅಂಥದೇ ಇನ್ನೊಂದು, 1965ರ ಆರಂಭದಲ್ಲಿ ಮತ್ತೊಂದು ಮೊದಲ ಸ್ಥಾನ. ಯಶಸ್ಸು ಬಂದ ಮೇಲೆ ಬ್ಯಾಂಡಿನೊಳಗೆ ನೆಮ್ಮದಿ ಉಳಿಯಲಿಲ್ಲ. 1965ರ ಮೇ 19ರಂದು ಕಾರ್ಡಿಫಿನ ವೇದಿಕೆಯಲ್ಲಿ ಡೇವ್ ಮಿಕ್ ಏವರಿಯನ್ನು ಬೈದು ಅವನ ಡ್ರಮ್ಮುಗಳನ್ನು ಒದ್ದುರುಳಿಸಿದ. ಏವರಿ ಹೈಹ್ಯಾಟ್ ಎಂಬ ಜೋಡಿ ತಾಳದ ಕಬ್ಬಿಣದ ಸ್ಟ್ಯಾಂಡಿನಿಂದ ಅವನ ತಲೆಗೆ ಹೊಡೆದು, ಸತ್ತೇಹೋದನೆಂದು ಹೆದರಿ ಓಡಿಹೋದ. ಡೇವನಿಗೆ ಹದಿನಾರು ಹೊಲಿಗೆ ಬಿದ್ದವು. ಅದೇ ಬೇಸಿಗೆಯ ಅಮೆರಿಕ ಪ್ರವಾಸದ ನಂತರ ಅಲ್ಲಿನ ಸಂಗೀತಗಾರರ ಸಂಘ ಇವರಿಗೆ ನಾಲ್ಕು ವರ್ಷ ಪರವಾನಗಿ ಕೊಡಲಿಲ್ಲ. ಬ್ಯಾಂಡಿನ ಬಗ್ಗೆ ಬರೆಯುವವರಿಗೆ ಬಹಳ ಪ್ರಿಯವಾದ ಭಾಗ ಇದು. ನಾನು ಇಲ್ಲಿ ಹೆಚ್ಚು ಹೊತ್ತು ನಿಲ್ಲಲಾರೆ. ನನಗೆ ಹೇಳಬೇಕಾದದ್ದು ಅದಕ್ಕಿಂತ ನಾಲ್ಕು ತಿಂಗಳು ಹಿಂದಿನದು.

ಮುಂಬಯಿಯ ನಸುಕು

1965ರ ಜನವರಿಯಲ್ಲಿ ಕಿಂಕ್ಸ್ ತಂಡ ಆಸ್ಟ್ರೇಲಿಯಾದ ಪ್ರವಾಸಕ್ಕೆ ಹೊರಟಿತು. ಹಿರಿಯಕ್ಕ ರೋಸಿ, ರೇಗೆ ಆಸರೆ ಕೊಟ್ಟವಳು, ಗಂಡನೊಂದಿಗೆ ಹಿಂದಿನ ವರ್ಷವಷ್ಟೇ ವಲಸೆ ಹೋಗಿದ್ದುದು ಅದೇ ಆಸ್ಟ್ರೇಲಿಯಾಕ್ಕೆ. ಅವಳ ಅಗಲಿಕೆ ಅವನನ್ನು ಎಷ್ಟು ಕಾಡಿತೆಂದರೆ, ಮನೆಗೆ ಮರಳಿ ಬಾರೆಂದು ಅವಳ ಹೆಸರು ಹಿಡಿದೇ 1966ರಲ್ಲಿ ಒಂದು ಹಾಡು ಬರೆದ. ಅಲ್ಲಿಗೆ ಹೋಗುವ ದಾರಿಯಲ್ಲಿ ವಿಮಾನ ಮುಂಬಯಿಯಲ್ಲಿ ತಂಗಿತು. ನಸುಕಿನಲ್ಲಿ ರೇಗೆ ಎಚ್ಚರವಾಯಿತು. ಸಮುದ್ರದ ಕಡೆ ಕೆಲಸಕ್ಕೆ ಹೊರಟ ಮೀನುಗಾರರು ಸೊಲ್ಲಿಗೆ ಸೊಲ್ಲು ಕೂಡಿಸಿ ಹಾಡುತ್ತ ಹೋಗುವುದು ಕೇಳಿಸಿತು.

ಆ ದನಿಯನ್ನು ಹೊತ್ತುಕೊಂಡು ಹೋದವನು ಬರೆದ ಹಾಡು 'ಸೀ ಮೈ ಫ್ರೆಂಡ್ಸ್', 1965ರ ಜುಲೈ ಕೊನೆಯಲ್ಲಿ ಬಂತು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಸಿತಾರ್ ನುಡಿಸಿದ ಹಾಡು ತಟ್ಟೆಯಾಗಿ ಬಂದದ್ದು ಆ ವರ್ಷದ ಡಿಸೆಂಬರಿನಲ್ಲಿ. ಕಿಂಕ್ಸ್ ಹಾಡಿನಲ್ಲಿ ಸಿತಾರೂ ಇಲ್ಲ, ತಂಬೂರಿಯೂ ಇಲ್ಲ. ಗಿಟಾರುಗಳೇ ಒಂದು ಶ್ರುತಿಯನ್ನು ಹಿಡಿದು ಗುಂಯ್‌ಗುಡುತ್ತವೆ, ಅದರ ಮೇಲೆ ರೇಯ ದಣಿದಂಥ ದನಿ ಹೆಚ್ಚು ಏರಿಳಿತವಿಲ್ಲದೆ ಸಾಗುತ್ತದೆ. ನದಿಯಾಚೆಗೆ ಹೋದವಳ ಬಗ್ಗೆ, ಈ ದಡದಲ್ಲಿ ಉಳಿದವರ ಬಗ್ಗೆ ಹಾಡಿದೆ. ಅದನ್ನು ಪ್ರೇಮಭಂಗದ ಹಾಡೆಂದು ಕೇಳಿದವರೇ ಹೆಚ್ಚು, ಬೇರೆ ಅರ್ಥ ಹಚ್ಚಿದವರೂ ಇದ್ದಾರೆ. ಅದು ರೆನೆಯ ಸಾವಿನ ಹಾಡೆಂದು ರೇ ತಾನೇ ಹೇಳಿದ್ದಾನೆ.

ನದಿ ದಾಟುವುದೆಂದರೆ ಏನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ವೈತರಣಿಯ ಕತೆ ಕೇಳಿ ಬೆಳೆದವರು ನಾವು. ಮುಂಬಯಿಯ ಆ ಮೀನುಗಾರರು ಏನು ಹಾಡುತ್ತಿದ್ದರು, ಅವರ ಪದಗಳೇನು ಎಂಬುದು ಅವನಿಗೆ ಅರ್ಥವಾಗಿರಲಾರದು. ಅವನಿಗೆ ದಕ್ಕಿದ್ದು ಬದಲಾಗದೆ ನಿಲ್ಲುವ ಒಂದು ಆಧಾರಸ್ವರ. ಆರು ತಿಂಗಳ ಹಿಂದೆ ತಮ್ಮ ಡೇವ್ ಹರಿದ ಸ್ಪೀಕರಿನಿಂದ ಎಬ್ಬಿಸಿದ್ದ ಅದೇ ಸ-ಪ ಇಲ್ಲಿ ಅವಸರವಿಲ್ಲದೆ, ದೂರದಿಂದ, ನೀರಿನ ಕಡೆಯಿಂದ ಬರುತ್ತಿತ್ತು. ಅಕ್ಕ ತೀರಿಕೊಂಡು ಆಗಲೇ ಎಂಟನೆಯ ವರ್ಷ ನಡೆದಿತ್ತು. ಎಂಟು ವರ್ಷ ಹೇಳಲಾಗದಿದ್ದುದಕ್ಕೆ ಪರದೇಶದ ಮೀನುಗಾರರ ದನಿಯಲ್ಲಿ ಅವನಿಗೊಂದು ಧಾಟಿ ಸಿಕ್ಕಿತೆಂದು ನಾನು ನಂಬಿದ್ದೇನೆ. ಮುಂದೆ 1982ರಲ್ಲಿ 'ಕಮ್ ಡ್ಯಾನ್ಸಿಂಗ್' ಎಂಬ ಇನ್ನೊಂದು ಹಾಡಿನಲ್ಲಿ ಅವನು ಅವಳನ್ನು ಮತ್ತೆ ನೃತ್ಯಶಾಲೆಗೆ ಕಳಿಸಿದ. ಅದು ಉಲ್ಲಾಸದ ಹಾಡು, ಅಮೆರಿಕದಲ್ಲಿ ಆರನೆಯ ಸ್ಥಾನದವರೆಗೂ ಹೋಯಿತು. ಉಲ್ಲಾಸ ಸಾಧ್ಯವಾಗಲು ಕಾಲು ಶತಮಾನ ಬೇಕಾಯಿತು. 'ಸೀ ಮೈ ಫ್ರೆಂಡ್ಸ್' ಬಂದಾಗ ಅವನಿಗೆ ಇಪ್ಪತ್ತೊಂದೇ ವರ್ಷ.

ಕಳೆದ ದೀಪಾವಳಿಗೆ ಶಿವಮೊಗ್ಗಕ್ಕೆ ಹೋದಾಗ ಊಟವಾದ ಮೇಲೆ ನಡುಮನೆಯಲ್ಲಿ ಅಕ್ಕನೂ ನಾನೂ ಇದ್ದೆವು. ಅಣ್ಣ ಒಳಗೆ ಮಲಗಿದ್ದ. ಗೂಡು ಇನ್ನೂ ಇದೆ. ಟೂ-ಇನ್-ಒನ್ ಇದ್ದ ಜಾಗದಲ್ಲಿ ಈಗ ಅವಳ ಮಾತ್ರೆಗಳ ಡಬ್ಬಿ ಮತ್ತು ಪಂಚಾಂಗ ಇವೆ. ಅದನ್ನು ಕೊಳ್ಳಲು ಹಣ ಎಲ್ಲಿಂದ ಹೊಂದಿಸಿದೆ ಎಂದು ನಾನು ಮೂವತ್ತಾರು ವರ್ಷಗಳಲ್ಲಿ ಒಮ್ಮೆಯೂ ಅವಳನ್ನು ಕೇಳಿರಲಿಲ್ಲ. ಅಂದು ಕೇಳಿದೆ. ವೀಣೆಗೆಂದು ಕೂಡಿಟ್ಟಿದ್ದೆ ಎಂದಳು. ಪಾಠಕ್ಕೆ ಹೋಗಿ ಬರಲು ಸಂಜೆ ಬಿಡುವಾಗುವಂತಿರಲಿಲ್ಲ, ನೀವಿಬ್ಬರೂ ಪಕ್ಕದ ಮನೆಯ ಕಿಟಕಿಗೆ ಜೋತುಬಿದ್ದು ಹಾಡು ಕೇಳುತ್ತಿದ್ದಿರಿ, ಅದಕ್ಕೆ ಇದನ್ನೇ ತಂದೆ ಎಂದಳು. ಕೈಯಲ್ಲಿದ್ದ ಅಡಿಕೆ ಸಿಪ್ಪೆಯನ್ನು ಕಾಗದದಲ್ಲಿ ಸುತ್ತುತ್ತ, ಇದೇನೂ ದೊಡ್ಡ ವಿಷಯವಲ್ಲ ಎಂಬಂತೆ ಹೇಳಿದಳು.

ನಾನು ಫೋನಿನಲ್ಲಿ 'ಸೀ ಮೈ ಫ್ರೆಂಡ್ಸ್' ಹಾಕಿ ಅವಳ ಮುಂದಿಟ್ಟೆ. ಇಂಗ್ಲಿಷ್ ಹಾಡುಗಳ ಅಭ್ಯಾಸ ಅವಳಿಗಿಲ್ಲ. ಕಣ್ಣು ಮುಚ್ಚಿ ಕೇಳಿದಳು.

"ಹಿಂದೆ ತಂಬೂರಿ ಇಟ್ಟುಕೊಂಡಿದ್ದಾರೇನೋ?"

"ಇಲ್ಲ ಅಕ್ಕ, ಅದು ಗಿಟಾರು. ಅವನ ಅಕ್ಕ ತೀರಿಕೊಂಡದ್ದಕ್ಕೆ ಬರೆದ ಹಾಡಂತೆ. ಮೊದಲ ಗಿಟಾರನ್ನು ಕೊಡಿಸಿದವಳೂ ಅವಳೇ."

ಹಾಡು ಮುಗಿಯುವವರೆಗೆ ಅವಳು ಮಾತಾಡಲಿಲ್ಲ. ಮುಗಿದ ಮೇಲೆ, "ಅವಳ ಹೆಸರೇನೋ?" ಎಂದಳು.

ಹೇಳಿದೆ.

"ಇನ್ನೊಂದು ಸಲ ಹಾಕು" ಎಂದಳು.